ಕಂಪ್ಯೂಟರಿಗೆ ಲೋಡ್ ಹಾಕಿದ ಕಾಕಿ

ನನ್ನ ಮೇಜಿನ ಮೇಲೆ, ಲ್ಯಾಪ್‌ಟಾಪಿನ ಪಕ್ಕದಲ್ಲಿ, ಖಾರ ಕುಟ್ಟುವ ಗುಂಡುಕಲ್ಲೊಂದಿದೆ. ನೋಡಿದವರು ನಗುತ್ತಾರೆ, ನಗಲಿ. ಮೊನ್ನೆ ಧೂಳು ಕೂತಿದೆಯೆಂದು ತೊಳೆದೆ. ಒದ್ದೆ ಕಲ್ಲಿನಿಂದ ಬೆಳ್ಳುಳ್ಳಿ ಖಾರದ ವಾಸನೆ ಎದ್ದಿತು. ಇಷ್ಟು ವರ್ಷ ಅದು ಕಲ್ಲಿನಲ್ಲಿ ಉಳಿದಿತ್ತೋ, ನನ್ನ ಮೂಗಿನಲ್ಲೇ ಉಳಿದಿತ್ತೋ... ಹುಮನಾಬಾದಿನ ಮನೆಮಾಲಕಿ ಕಾಕಿ ನೆನಪಾದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹೋಗಿ, ಅವರ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಗುಂಡುಕಲ್ಲಿನ ಹಾಗಿದ್ದ ಕಾಕಿಗೆ ಆ ವರ್ಷ ಲಕ್ವಾ ಹೊಡೆದು ಬಲಗೈ ಸೋತುಹೋಗಿತ್ತು. ಬೆರಳು ಆಡಿಸುತ್ತಿರಿ ಎಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಬೇಸತ್ತು ಮೊಮ್ಮಕ್ಕಳಿಗೆ ಕೊಟ್ಟುಬಿಟ್ಟಿದ್ದರು. ಆದರೂ ಹಟ ಮಾತ್ರ ಹೋಗಿರಲಿಲ್ಲ: ಮತ್ತೆ ಎರಡೂ ಕೈಯಿಂದ ಜೋಳದ ರೊಟ್ಟಿ ಬಡಿಯಬೇಕು. ಸೊಸೆ ಬಡಿದ ರೊಟ್ಟಿಯನ್ನು ಅವರು ಹೊಗಳಿದ್ದು ನಾನಂತೂ ಕೇಳಿಲ್ಲ.

ಒಂದು ಮಧ್ಯಾಹ್ನ ಕ್ಲಾಸ್ ಖಾಲಿಯಿದ್ದಾಗ ಬೆರಳಿಗೆ ಕೆಲಸ ಸಿಗಲೆಂದು ಕಾಕಿಗೆ ಹಳೆಯ ಕಂಪ್ಯೂಟರಿನಲ್ಲಿ ಒಂದು ಆಟ ಹಚ್ಚಿಕೊಟ್ಟೆ. ಮೇಲಿನಿಂದ ಮೊಟ್ಟೆಗಳು ಬೀಳುತ್ತವೆ; ಎರಡು ಬಟನ್ ಒತ್ತುತ್ತ, ಬುಟ್ಟಿ ಸರಿಸಿ ಹಿಡಿಯಬೇಕು. ಲಿಂಗಪೂಜೆ ಮುಗಿಸದೆ ನೀರೂ ಕುಡಿಯದ ಕಾಕಿ ಮುಖ ಕಿವುಚಿದರು.

"ನಮ್ಮ ಮನ್ಯಾಗ ತತ್ತಿ ತರಬ್ಯಾಡ್ರಿ ಮಾಸ್ತರ. ಇವು ನಿಂಬಿಹಣ್ಣ," ಎಂದು ತಾವೇ ತೀರ್ಪು ಕೊಟ್ಟು ಆಡಲು ಕೂತರು. ಅಂದಿನಿಂದ ಅವು ನಿಂಬೆಹಣ್ಣೇ. ಕೆಲವು ವಾರಗಳಲ್ಲಿ ಅವರ ಬಲಗೈಯ ತೋರುಬೆರಳು ತಾನಾಗಿ ಏಳತೊಡಗಿತು.

ಅಷ್ಟರಲ್ಲಿ ಆ ಕಂಪ್ಯೂಟರಿನ ಬೋರ್ಡ್ ಸುಟ್ಟಿತು. ನಾನು ಜಂಬದಿಂದ ಹೊಸದು ತಂದೆ. ಅದೇ ಆಟ ಹಾಕಿದರೆ, ಕಾಕಿ ಬೆರಳೆತ್ತುವ ಮೊದಲೇ ಮುಗಿದುಹೋಯಿತು. ಆಟ ಬರೆದವರು ಅದನ್ನು ಗಡಿಯಾರಕ್ಕೆ ಕಟ್ಟದೆ ಪ್ರೊಸೆಸರಿನ ಓಟಕ್ಕೆ ಕಟ್ಟಿದ್ದರು. ಪ್ರೊಸೆಸರ್ ಜೋರಾದಷ್ಟೂ ಆಟ ಜೋರು.

"ಈ ಮಿಶಿನ್ನಿಗಿ ಇಷ್ಟು ಗಡಿಬಿಡಿ ಯಾಕ್ರಿ? ನನ್ನ ಕೈ ಹೋದಂಗೇ ಬಿಡ್ರಿ," ಎಂದು ಕಾಕಿ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

"ಇದಕ್ಕ ಲೋಡ್ ಹಾಕಿದ್ರ ಮೆಲ್ಲಗ ಆಗ್ತದ್ರಿ ಕಾಕಿ. ನಾಳಿ ನೋಡೋಣು," ಎಂದೆ.

ಮರುದಿನ ಬಂದು ನೋಡಿದರೆ, ಕಂಪ್ಯೂಟರ್ ಡಬ್ಬಿಯ ಮೇಲೆ ಟವೆಲ್ ಹಾಸಿ ಈ ಗುಂಡುಕಲ್ಲು ಇಟ್ಟಿದ್ದರು! ಕಬ್ಬಿನ ಸೀಮೆಯಲ್ಲಿ ಲೋಡ್ ಎಂದರೆ ಇನ್ನೇನು?

"ನಮ್ಮ ಟ್ರ್ಯಾಕ್ಟರ್ ಖಾಲಿ ಇದ್ರ ಓಡ್ತದ. ಕಬ್ಬು ಹೇರಿದ್ರ ಹಳ್ಳಿಖೇಡ ಫ್ಯಾಕ್ಟರಿ ಮುಟ್ಟೂದ್ರಾಗ ಸಂಜಿ ಆಗ್ತದ. ಆದ್ರ ಇದು ಬಗ್ಗವಲ್ದು ನೋಡ್ರಿ. ಇನ್ನೊಂದು ಕಲ್ಲು ತರ್ಲ್ಯಾ?"

ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ, "ಇದನ್ನ ಯಾರು ಎತ್ತಿಟ್ರಿ?" ಎಂದು ಕೇಳಿದೆ.

"ನಾನೇರಿ. ಒಂದು ಕೈಲೇ ಆಗಲಿಲ್ಲ, ಎರಡೂ ಹಚ್ಚಿದೆ," ಎಂದವರು ತಮ್ಮ ಬಲಗೈಯನ್ನೇ ತಿರುಗಿಸಿ ನೋಡಿಕೊಂಡರು.

ನಾನು ತಂದದ್ದು ಬೇರೆ ಲೋಡ್. ಬಸವಕಲ್ಯಾಣದ ಗೆಳೆಯನೊಬ್ಬ ಕೊಟ್ಟ ಫ್ಲಾಪಿಯಲ್ಲಿ ಸಣ್ಣ ಪ್ರೋಗ್ರಾಂ ಇತ್ತು. ಪ್ರೊಸೆಸರಿಗೆ ಬಿಟ್ಟಿ ಕೆಲಸ ಹಚ್ಚಿ ಅದರ ಹೊತ್ತು ಹಾಳುಮಾಡುವುದಷ್ಟೇ ಅದರ ಉದ್ಯೋಗ. ನಿಂಬೆಹಣ್ಣು ಮತ್ತೆ ಮೆಲ್ಲಗೆ ಬಿದ್ದವು. "ನಮ್ಮ ಮನಿಯವರಿಗೂ ಇಂಥಾದೊಂದು ಹಾಕ್ರಿ, ಬರೇ ಅವಸರ ಮಾಡ್ತಾರ," ಎಂದು ಕಾಕಿ ನಕ್ಕರು. ಆಮೇಲೆ ಆಗಾಗ ಅವರೇ ಹೇಳುತ್ತಿದ್ದರು: "ಮಾಸ್ತರ, ಇವತ್ತ ಲೋಡ್ ಸ್ವಲ್ಪ ಇಳಸ್ರಿ." ಇಳಿಸುತ್ತಿದ್ದೆ. ಬೆರಳೂ ಹಟಕ್ಕೆ ಬಿದ್ದಂತೆ ಓಡುತ್ತಿತ್ತು.

ಎಳ್ಳಮಾಸಿಯ ದಿನ ಹೊಲಕ್ಕೆ ಬುತ್ತಿ ಕಟ್ಟುವಾಗ ನನ್ನನ್ನು ಒಳಗೆ ಕರೆದು ಒಂದು ರೊಟ್ಟಿ ಕೈಗಿತ್ತರು. ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಸೊಸೆ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅದಕ್ಕಿಂತ ರುಚಿಯಾದ ರೊಟ್ಟಿ ನಾನು ತಿಂದಿಲ್ಲ.

ಕೆಲವು ವರ್ಷಗಳ ನಂತರ ಕ್ಲಾಸ್ ಮುಚ್ಚಿ ಸಾಮಾನು ಹೇರುವಾಗ ಕಾಕಿ ಈ ಕಲ್ಲನ್ನು ತಂದರು. "ನಿಮ್ಮ ಮಿಶಿನ್ನಿನ ಲೋಡ್ ನೀವೇ ಒಯ್ರಿ," ಎಂದರು. ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು...

ಮೊನ್ನೆ ಕಲ್ಲು ಒರೆಸಿಟ್ಟು, ಆ ಆಟವನ್ನು ಹುಡುಕಿ ತೆಗೆದೆ. ಈಗ ಲೋಡ್ ಹಾಕುವುದು ಒಂದು ಬಟನ್ನಿನ ಕೆಲಸ. ಕಾಕಿ ಮೊದಲ ಸಲ ಆಡಿದಷ್ಟೇ ಮೆಲ್ಲಗೆ ಮಾಡಿದೆ. ಬಿಳಿಯದೊಂದು ಮೇಲಿನಿಂದ ಇಳಿಯತೊಡಗಿತು.

"ಕಾಕಿ, ನಿಂಬಿಹಣ್ಣ ಬಂತು ನೋಡ್ರಿ," ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು. ಕುರ್ಚಿಯ ಪಕ್ಕದಲ್ಲಿ ಯಾರೂ ಇರಲಿಲ್ಲ. ಹಿಡಿಯಲು ಬೇಕಾದಷ್ಟು ಹೊತ್ತಿತ್ತು. ಆದರೂ ಅದು ನೆಲಕ್ಕೆ ಬಿತ್ತು.