ಮಣ್ಣಿಗಿಟ್ಟ ವಹಿ

ದೆವ್ವದ ಮಾತು ಬಂದರೆ ನಗುವವನು ನಾನು. ಯರಗಟ್ಟಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಅಲ್ಲಿ ಕುಳಿತು ಯಾರಾದರೂ ಅಂಥ ಕಥೆ ತೆಗೆದರೆ, "ಮೊದಲ ಲಗ್ನಪತ್ರಿಕೆ ಪ್ರೂಫ್ ನೋಡ್ರಿ, ದೆವ್ವ ಆಮ್ಯಾಲೆ ನೋಡೂಣು" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು ಏನೆಂದು ಕರೆಯಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ಈರಣ್ಣ ಮಾಸ್ತರರು ಸವದತ್ತಿ ಕಡೆಯ ಒಂದು ಹಳ್ಳಿಯವರು. ಸಾಲಿ ಮಾಸ್ತರರು, ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಬರುತ್ತ ಬರುತ್ತ ಅಣ್ಣನಂತಾದರು. ಹಿಂದಿನ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಈಗಿನ ಫೋನಿನಲ್ಲಿ ಬರೀ ಕಸವಾಗಿ ಕಾಣುತ್ತದೆ. ಅದನ್ನು ನೋಡಿ ಹೊಟ್ಟೆ ಉರಿದು, ತಾವೇ ಪ್ರೋಗ್ರಾಮಿಂಗ್ ಕಲಿತು, ಅದನ್ನು ಓದುವಂತೆ ಮಾಡುವ, ಕಂಪ್ಯೂಟರಿಗೆ ಹಾಕಿಕೊಳ್ಳುವ ಒಂದು ಸಣ್ಣ ತಂತ್ರಾಂಶ, ಪ್ಯಾಕೇಜ್ ಅನ್ನುತ್ತಾರಲ್ಲ ಅದನ್ನು, ಬರೆದರು. ಯಾರಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಅಂತರ್ಜಾಲದಲ್ಲಿ ಅದು ಅವರ ಹೆಸರಿನಲ್ಲೇ ಇತ್ತು. ಊರೂರಿನ ಶಿಕ್ಷಕರು, ಗ್ರಂಥಾಲಯದವರು ಹಾಕಿಕೊಂಡಿದ್ದರು. ಅವರಿಗೆ ಮಕ್ಕಳಿರಲಿಲ್ಲ. "ಇದ ನಮ್ಮ ಮಾಸ್ತರ ಹೆಸರ ಉಳಸೂದು" ಎಂದು ಅವರ ಹೆಂಡತಿ ಗೌರವ್ವ ವೈನಿ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ನನ್ನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿದೆ. ಲಗ್ನಪತ್ರಿಕೆಯ ಪ್ರೂಫನ್ನು ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಸಾಲಿನ ಮೇಲೆ ಬೆರಳಿಟ್ಟು ನೋಡಬೇಕು. ಇಲ್ಲದಿದ್ದರೆ ಬೀಗರ ಹೆಸರು ತಪ್ಪಿ ಮದುವೆ ಮನೆಯಲ್ಲಿ ಜಗಳ. ಪ್ಯಾಕೇಜಿಗೆ ಹೊರಗಿನವರು ತಿದ್ದಿ ಕಳಿಸಿದ ಕೋಡನ್ನೂ ನಾವಿಬ್ಬರೂ ಹಾಗೆಯೇ ಓದಿ ನೋಡಿ, ಆಮೇಲೆ ಒಪ್ಪುತ್ತಿದ್ದೆವು.

ಕಿಡ್ನಿ ಕೆಟ್ಟು ಬೆಳಗಾವಿಯ ಆಸ್ಪತ್ರೆಗೆ ಸೇರಿದಾಗ ಮಾಸ್ತರರು ಪ್ಯಾಕೇಜಿನ ಪಾಸ್‌ವರ್ಡನ್ನು ನನಗೆ ಕೊಟ್ಟು, ಒಂದು ನೂರು ಪುಟದ ವಹಿ ತರಿಸಿಕೊಂಡರು. ವರ್ಷಗಟ್ಟಲೆ ಕಾಡಿದ್ದ ಒಂದು ತಪ್ಪನ್ನು ಸರಿಪಡಿಸಲು ಅದರಲ್ಲಿ ಪೆನ್ಸಿಲ್ ಹಿಡಿದು ಕೋಡ್ ಬರೆಯುತ್ತಿದ್ದರು. ಒಂದು ಸಂಜೆ ನನ್ನ ಕೈಗಿಟ್ಟರು. ಮೇಲೆ "ಇಲ್ಲಿ ನನ್ನ ತಪ್ಪೈತಿ, ನೀ ತಿದ್ದು ತಮ್ಮಾ" ಎಂದು ಬರೆದಿತ್ತು. ಎರಡು ಪುಟ ಓದಿದೆ. ಇನ್ನೂ ಇತ್ತು. "ಉಳಿದದ್ದು ನಾಳೆ ಓದತೇನಿ ಬಿಡ್ರಿ" ಎಂದು ತಿರುಗಿ ಅವರ ದಿಂಬಿನ ಕೆಳಗಿಟ್ಟು ಬಂದೆ. ಬೆಳಗಾಗುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ದಿಂಬಿನ ಕೆಳಗಿಂದ ವಹಿಯನ್ನು ತೆಗೆದವನು ನಾನೇ. ಮಣ್ಣು ಮಾಡಲು ಅವರ ಹೊಲ ಮುಟ್ಟುವ ತನಕ ಅದು ನನ್ನ ಚೀಲದಲ್ಲೇ ಇತ್ತು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ವಿಭೂತಿ, ಪತ್ರಿ ಇಟ್ಟ ಮೇಲೆ ವಹಿಯನ್ನು ಅವರ ತೊಡೆಯ ಮೇಲಿಟ್ಟೆ. ನಕಲು ಮಾಡಿಕೊಳ್ಳಬೇಕೆಂದು ಆ ದುಃಖದಲ್ಲಿ ತೋಚಲೇ ಇಲ್ಲ. ಎಲ್ಲರೂ ಕೂಡಿ ಎರೆಮಣ್ಣು ಎಳೆದೆವು.

ಎಂಟು ತಿಂಗಳಾದ ಮೇಲಿನ ಮಾತು. ಪ್ಯಾಕೇಜಿಗೆ ಯಾರೋ ಅಪರಿಚಿತರು ಆಗಾಗ ಸಣ್ಣಪುಟ್ಟ ತಿದ್ದುಪಡಿ ಕಳಿಸುತ್ತಿದ್ದರು. ಹೆಸರೆಂಬುದಿಲ್ಲ, ನಾಲ್ಕು ಅಕ್ಷರ, ಮೂರು ಅಂಕಿ ಅಷ್ಟೇ. ಆ ಮಧ್ಯಾಹ್ನ ಊಟ ಮುಗಿಸಿ ಬಂದು ಕುಳಿತರೆ ಅವರಿಂದ ಮತ್ತೊಂದು ಬಂದಿತ್ತು. ತೆರೆದೆ. ಮೊದಲ ಸಾಲು: "ಇಲ್ಲಿ ನನ್ನ ತಪ್ಪೈತಿ, ನೀ ತಿದ್ದು ತಮ್ಮಾ."

ಅದರ ಕೆಳಗೆ ನಾನು ಆಸ್ಪತ್ರೆಯಲ್ಲಿ ಓದಿದ್ದ ಎರಡು ಪುಟ, ಸಾಲಿಗೆ ಸಾಲು. ಮಾಸ್ತರರು ಪೆನ್ಸಿಲ್‌ನಿಂದ ಹೊಡೆದುಹಾಕಿದ್ದ ಒಂದು ಸಾಲು ಕೂಡ, ಬೇಡವೆಂಬ ಗುರುತು ಹೊತ್ತು, ಅದೇ ಜಾಗದಲ್ಲಿತ್ತು. ಹೊರಗೆ ಕಂಡಕ್ಟರ್ "ಬೈಲಹೊಂಗಲ, ಬೈಲಹೊಂಗಲ" ಎಂದು ಕೂಗುತ್ತಿದ್ದ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಲಿಲ್ಲ. ಸಂತೋಷವಾಗಿ ಅತ್ತುಬಿಟ್ಟೆ.

ಎರಡು ಪುಟದ ಕೆಳಗೆ ಇನ್ನೂ ನಲವತ್ತು ಸಾಲು ಇದ್ದವು. ಒತ್ತೊತ್ತಾಗಿ, ತಲೆಬುಡ ತಿಳಿಯದಂತೆ. ನಾನು ಓದದೆ ಬಿಟ್ಟ ಪುಟಗಳು ಇವೇ ಎಂದುಕೊಂಡೆ. ಗಟ್ಟಿಯಾಗಿ ಓದಿ ನೋಡೋಣವೆಂದರೆ ಬೆರಳಿಡುವವರು ಮಣ್ಣಿನಲ್ಲಿದ್ದರು. ಮಾಸ್ತರರ ಬರಹವನ್ನು ಪರೀಕ್ಷೆ ಮಾಡಲು ನಾನ್ಯಾರು ಎಂದೂ ಅನಿಸಿತು. ಒಪ್ಪಿಗೆ ಒತ್ತಿ ಅವರ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟೆ. "ಯಾರ್ರಿ ನೀವು?" ಎಂದು ಆ ಅಪರಿಚಿತರಿಗೆ ಬರೆದೆ. ಉತ್ತರ ಬರಲಿಲ್ಲ. ಇಂದಿಗೂ ಬಂದಿಲ್ಲ.

ನಾಲ್ಕನೆಯ ದಿನ ರಾಮದುರ್ಗದಿಂದ ಒಬ್ಬ ಶಿಕ್ಷಕಿ ಫೋನ್ ಮಾಡಿದರು. ಕಣ್ಣು ಕಾಣದ ಮಕ್ಕಳಿಗೆ ಕಂಪ್ಯೂಟರ್ ಓದಿ ಹೇಳಲೆಂದು ಪಾಠಗಳನ್ನು ಟೈಪ್ ಮಾಡಿ ಇಟ್ಟವರು. "ಮಾಸ್ತರ ಹೆಸರ ನೋಡಿ ಹಾಕ್ಕೊಂಡಿದ್ನಿರಿ. ನಾಕ ವರ್ಷದ ಕೆಲಸ ಒಂದ ದಿನಕ್ಕ ಹೋತ್ರಿ" ಎಂದು ಅತ್ತರು. ಆಮೇಲೆ ತಿಳಿಯಿತು, ಕೆಳಗಿನ ನಲವತ್ತು ಸಾಲು ಕಂಪ್ಯೂಟರಿನಲ್ಲಿದ್ದ ಪಾಸ್‌ವರ್ಡುಗಳನ್ನು ಕದ್ದು ಎಲ್ಲಿಗೋ ಕಳಿಸುತ್ತಿದ್ದವು. ಅವುಗಳಿಂದ ಯಾರೋ ಒಳಹೊಕ್ಕು ಎಲ್ಲ ಅಳಿಸಿದ್ದರು. ಹಾಗೆ ಕಳೆದುಕೊಂಡವರು ಇನ್ನೂ ಎಷ್ಟೋ ಜನ. ವಾರದೊಳಗೆ ಆ ಜಾಲತಾಣದವರು ಪ್ಯಾಕೇಜನ್ನು ತೆಗೆದುಹಾಕಿದರು. ಅದಿದ್ದ ಪುಟದಲ್ಲಿ ಈಗ ಮಾಸ್ತರರ ಹೆಸರು, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ. ನಾನು ಎಷ್ಟು ಪತ್ರ ಬರೆದರೂ ಅದು ಅಳಿಯಲಿಲ್ಲ.

ಹೊಲಕ್ಕೆ ಹೋಗಿ ನೋಡಿದೆ. ಮಣ್ಣು ಮಾಡಿದ ಗುಣಿಯ ಮೇಲೆ ಹುಲ್ಲು ಬೆಳೆದಿತ್ತು, ಯಾರೂ ಕೆದರಿದ ಗುರುತಿರಲಿಲ್ಲ. ಅಲ್ಲಿಂದ ವೈನಿಯ ಮನೆಗೆ ಹೋದೆ. ಸುದ್ದಿ ಆಗಲೇ ಸಾಲಿಯ ಬೇರೆ ಮಾಸ್ತರರಿಂದ ಅವರ ಕಿವಿಗೆ ಬಿದ್ದಿತ್ತು. ಚಹಾ ಕೊಟ್ಟು ಎದುರಿಗೆ ಕುಳಿತರು. ವಹಿಯ ಸಾಲುಗಳು ತಿರುಗಿ ಬಂದದ್ದನ್ನು ನಾನು ಹೇಳಿದೆ.

"ಮಂದಿ ನಮ್ಮ ಮಾಸ್ತರ ಕಳ್ಳ ಅನ್ನಾಕ ಹತ್ಯಾರ. ಆ ಕೆಟ್ಟ ಸಾಲು ಅವ್ರು ಬರದದ್ದಲ್ಲ, ಹೌದಲ್ರಿ? ವಹಿ ನೀವು ಓದೀರಲ್ಲ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಮಾಸ್ತರರು ಅಂಥವರಲ್ಲ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೆ ಬಾಯಿಂದ ಬಂದದ್ದು, "ಪೂರಾ ಓದಿಲ್ಲರಿ ವೈನಿ."

"ಹಂಗಾರ ನಿಮಗೂ ಗೊತ್ತಿಲ್ಲ" ಎಂದು ವೈನಿ ಕಪ್ಪು ತೆಗೆದುಕೊಂಡು ಒಳಗೆ ಹೋದರು.

ಮಣ್ಣಿನೊಳಗಿದ್ದ ಆ ಎರಡು ಪುಟ ಅಪರಿಚಿತರ ಕೈಗೆ ಹೇಗೆ ಹೋದವು? ನನಗೆ ತಿಳಿಯದು. ಗುಣಿ ತೆಗೆದು ನೋಡೋಣವೆಂದು ವೈನಿಯನ್ನು ಕೇಳುವ ಧೈರ್ಯ ನನಗಿಲ್ಲ. ತೆಗೆದರೂ ಇಷ್ಟು ಮಳೆಗಾಲ ದಾಟಿದ ಪೆನ್ಸಿಲ್ ಅಕ್ಷರ ಎಲ್ಲಿ ಉಳಿದಿರುತ್ತದೆ? ಹಬ್ಬಕ್ಕೆ ಈಗಲೂ ಅವರ ಮನೆಗೆ ಹೋಗುತ್ತೇನೆ. ಬಂದವರ ಮುಂದೆ ವೈನಿ ಹೊಲದ ಮಾತು, ಎಮ್ಮೆಯ ಮಾತು ಆಡುತ್ತಾರೆ. ಮಾಸ್ತರರು ಬರೆದದ್ದರ ಮಾತನ್ನು ಮಾತ್ರ ಎತ್ತುವುದಿಲ್ಲ.