ಫೋಟೋದಲ್ಲಿ ಉಳಿದ ಮೊಳದಷ್ಟು ಗೋಡೆ

ಅವರ ಬಲಗೈಯ ಮೂರು ಬೆರಳುಗಳು ಹಸಿ ಗೇರುಬೀಜ ಸುಲಿದವರ ಬೆರಳಿನಂತೆ ಸದಾ ಕಪ್ಪಾಗಿರುತ್ತಿದ್ದವು. ಫೋಟೋ ತೊಳೆಯುವ ಔಷಧದ ಕಲೆ ಅದು, ಸೀಗೆಪುಡಿಗೂ ಬಗ್ಗುತ್ತಿರಲಿಲ್ಲ. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅವರು ಸೊರಬದಿಂದ ಮೊದಲ ಬಸ್ಸು ಹಿಡಿದು, ಮರದ ಕ್ಯಾಮೆರಾವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಶಿಕಾರಿಪುರದ ನಮ್ಮ ಹೈಸ್ಕೂಲಿಗೆ ವರ್ಷಕ್ಕೊಮ್ಮೆ ಬರುತ್ತಿದ್ದರು. ಫುಟ್‌ಬಾಲ್ ತಂಡದ ಚಿತ್ರ ತೆಗೆಯುವುದಕ್ಕೆ. ನಮಗೆ ಅವರು ಬರೀ ‘ಫೋಟೋದವರು’.

ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಮೇಲೆ ಅವರ ದನಿ ಮಾತ್ರ ಹೊರಬರುತ್ತಿತ್ತು. “ಅಲುಗಬೇಡ್ರಪ್ಪಾ. ಸ್ವಾತಂತ್ರ್ಯಕ್ಕೆ ಅಷ್ಟು ವರ್ಷ ಕಾದ ದೇಶ ಇದು, ನೀವು ಒಂದ್ ಉಸಿರು ತಡ್ಕಳಿ ಸಾಕು.”

ಅವರು ತೆಗೆದ ಎರಡು ಚಿತ್ರಗಳು ಈಗ ನನ್ನ ಮೇಜಿನ ಮೇಲಿವೆ. ಮೊದಲನೆಯದರಲ್ಲಿ ಶಾಲೆಯ ಸುಣ್ಣದ ಗೋಡೆಗೆ ಬೆನ್ನು ಕೊಟ್ಟು ಹತ್ತು ಮಂದಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೇವೆ. ಆಮೇಲೆ ಒಂದು ಮೊಳದಷ್ಟು ಖಾಲಿ ಗೋಡೆ. ಅದರಾಚೆ ನಮ್ಮ ಗೋಲ್‌ಕೀಪರ್. ಅವನು ಊರಾಚೆಯ ಕೇರಿಯವನು. ಆಟದಲ್ಲಿ ಅವನ ಕೈಯಿಂದ ನೂರು ಸಲ ಚೆಂಡು ಪಡೆಯುತ್ತಿದ್ದ ನಮಗೆ ಅವನ ಭುಜ ಮಾತ್ರ ಮುಟ್ಟಲಾಗದ್ದಾಗಿತ್ತು. ಹಾಗೆ ನಿಲ್ಲಿರೆಂದು ಯಾರೂ ಹೇಳಿರಲಿಲ್ಲ; ಹೇಳಬೇಕಾಗಿಯೂ ಇರಲಿಲ್ಲ. ಅದರ ಹೆಸರು ಅಸ್ಪೃಶ್ಯತೆ. ಅದು ಅಪರಾಧವೆಂದು ನಮ್ಮ ಪೌರನೀತಿಯ ಪಾಠದಲ್ಲಿಯೇ ಇತ್ತು, ಆ ಪಾಠದಲ್ಲಿ ನನಗೆ ಒಳ್ಳೆಯ ಅಂಕಗಳೂ ಬಂದಿದ್ದವು. ಆ ಖಾಲಿ ಜಾಗದ ಅಂಚಿಗೇ ನಿಂತ ಹತ್ತನೆಯವನು ನಾನೇ.

ಫೋಟೋದವರು ಚಿತ್ರ ಸಿದ್ಧಮಾಡಿ ತಂದುಕೊಟ್ಟ ದಿನ ಶಾಲಾ ಸಮಿತಿಯ ಹಿರಿಯರೊಬ್ಬರು ಅದನ್ನು ಕೈಯಲ್ಲಿ ಹಿಡಿದು ಹುಬ್ಬು ಗಂಟಿಕ್ಕಿದರು.

“ಅಂಚಿಗೆ ನಿಂತಾನಲ್ಲ, ಅವನ್ನ ಕತ್ತರಿಸಿ ಕೊಡ್ರಿ. ಆಫೀಸಿನ ಗೋಡೆಗೆ ಹಾಕೋದೈತಿ.”

“ಗೋಲು ಕಾಯೋನೇ ಇಲ್ದಿರೋ ತಂಡ ಆಗ್ತದಲ್ರೀ ಅದು.”

“ಹಂಗಾರ ಆ ಖಾಲಿ ಜಾಗನಾದ್ರೂ ಮುಚ್ರಿ. ಬ್ರಷ್ ಹಿಡಿದು ಫೋಟೋದಾಗ ಹೆಂಗಸರ ಮೂಗಿಗೆ ಮೂಗುತಿ ಬರೀತೀರಂತಲ್ಲ.”

ಫೋಟೋದವರು ತಮ್ಮ ಕಪ್ಪು ಬೆರಳನ್ನು ಆ ಖಾಲಿ ಜಾಗದ ಮೇಲಿಟ್ಟರು. “ಮೂಗುತಿ ಬರೀಬಹುದು ರೀ. ಇದು ನಾನು ಬಿಟ್ಟ ಜಾಗ ಅಲ್ಲ. ಬಿಟ್ಟೋರೇ ತುಂಬಬೇಕು.”

ಹಾಗೆನ್ನುವಾಗ ಅವರು ನೋಡಿದ್ದು ಹಿರಿಯರನ್ನಲ್ಲ, ಬಾಗಿಲ ಬಳಿ ನಿಂತಿದ್ದ ನನ್ನನ್ನು. ಚಿತ್ರ ಬೀರು ಸೇರಿತು.

ಮರುವರ್ಷ ಮತ್ತೆ ಸಾಲಾಗಿ ನಿಂತೆವು. ಹೇಳಲು ನಾಚಿಕೆಯಾಗುತ್ತದೆ, ನಾನು ಮತ್ತೆ ಅಷ್ಟೇ ಜಾಗ ಬಿಟ್ಟಿದ್ದೆ. ಕಪ್ಪು ಬಟ್ಟೆಯೊಳಗಿಂದ ದನಿ ಬಂತು: “ಈ ಸಲ ಚಿತ್ರ ಮೂಡೋ ಗಾಜಿನ ಪ್ಲೇಟು ಸಣ್ಣದು ಮಾರಾಯ್ರೇ. ಹಿಂಗ್ ನಿಂತ್ರೆ ಆ ತುದಿಯೋನು ಬರಲ್ಲ.”

ಸಾಲಿನ ಆ ಇನ್ನೊಂದು ತುದಿಯಲ್ಲಿದ್ದವನು ಸಮಿತಿಯ ಅದೇ ಹಿರಿಯರ ಮಗ. ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಹಿರಿಯರು ತಾವೇ ಎದ್ದು ಗದರಿದರು: “ಏ, ಒತ್ತರಿಸ್ರಲೇ ಅತ್ಲಾಗೆ. ನಡುವೆ ಏನು ಎತ್ತಿನ ಗಾಡಿ ಹೋಗಬೇಕೇನು?”

ಗೋಲ್‌ಕೀಪರ್ ನನ್ನ ಕಡೆ ತಿರುಗಿ, ಮೆಲ್ಲಗೆ, “ಬರ್ಲಾ, ಬ್ಯಾಡ್ವಾ?” ಎಂದ.

“ಬಾ” ಎಂದೆ. ಅವನ ಭುಜ ನನ್ನ ಭುಜಕ್ಕೆ ತಾಗಿತು. ಫೋಟೋದವರು ಹೇಳುವ ಮೊದಲೇ ಅವನು ಉಸಿರು ಬಿಗಿಹಿಡಿದಿದ್ದ.

ಆ ಒಂದು ‘ಬಾ’ದಿಂದಲೇ ಅಸ್ಪೃಶ್ಯತೆಯ ವಿರುದ್ಧದ ನನ್ನ ಹೋರಾಟದ ಬದುಕು ಆರಂಭವಾಯಿತೆಂದು ಬಹುಕಾಲ ನಂಬಿದ್ದೆ; ಸಭೆಗಳಲ್ಲಿ ಹೇಳಿಕೊಂಡದ್ದೂ ಉಂಟು. ಮೊನ್ನೆ ತಂಡದ ಇತಿಹಾಸ ಬರೆಯಲೆಂದು ಶಾಲೆಯವರು ಬೀರು ತೆರೆದು ಎರಡೂ ಚಿತ್ರಗಳನ್ನು ಕೊಟ್ಟರು. ಒಂದರ ಮೇಲೊಂದು ಇಟ್ಟು ನೋಡಿದೆ. ಆಗೆಲ್ಲ ಪ್ಲೇಟು ಎಷ್ಟಗಲವೋ ಚಿತ್ರವೂ ಅಷ್ಟೇ; ಎರಡರ ಅಳತೆಯೂ ಒಂದೇ, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಎರಡನೆಯದರಲ್ಲಿ ನಮ್ಮ ಮುಖಗಳು ಮಾತ್ರ ದೊಡ್ಡವು. ಪ್ಲೇಟು ಸಣ್ಣದಿರಲಿಲ್ಲ, ಅವರು ಕ್ಯಾಮೆರಾವನ್ನು ನಾಲ್ಕು ಹೆಜ್ಜೆ ಹತ್ತಿರ ತಂದಿದ್ದರು. ಮೊದಲ ಹೆಜ್ಜೆ ಇಟ್ಟದ್ದು ನಾನಲ್ಲ, ಮೂರು ಕಾಲಿನ ಆ ಮರದ ಸ್ಟ್ಯಾಂಡು.

ಅವರನ್ನು ಕೇಳೋಣವೆಂದರೆ ಅವರು ತೀರಿಕೊಂಡು ದಶಕಗಳೇ ಆದವು. ಶಾಲೆಯವರು ಪುಸ್ತಕಕ್ಕೆ ಎರಡನೆಯ ಚಿತ್ರವೊಂದೇ ಸಾಕೆಂದರು. ನಾನು ಎರಡನ್ನೂ ಹಾಕಿಸಿದ್ದೇನೆ. ಮೊದಲನೆಯದರ ಅಡಿಯಲ್ಲಿ ಹೀಗೆ ಬರೆದಿದ್ದೇನೆ: ಎಡದಿಂದ ಹತ್ತನೆಯವನು ನಾನು, ಆಮೇಲೆ, ನಾನು ಬಿಟ್ಟ ಜಾಗ, ಆಮೇಲೆ, ನಮ್ಮ ಗೋಲ್‌ಕೀಪರ್.