ಎಂಟು ಆಳಿನ ಬಾವಿ

ಮಲಿಚಾ ತಾತ ಈಗ ಬಾವಿಯ ಮುಳ್ಳುಬೇಲಿಯ ಹೊರಗೆ ಕೂರುತ್ತಾರೆ. ಮೂರು ದಿನಕ್ಕೊಮ್ಮೆ, ಬಿಸಿಲೇರುವ ಹೊತ್ತಿಗೆ ಬಂದು, ಬಾವಿಗೆ ಬೆನ್ನು ಮಾಡಿ ಕೂತು, ಒಳಗಿನ ಹಾಡಿನಲ್ಲಿ ಎಷ್ಟು ದನಿ ಇವೆ ಎಂದು ಎಣಿಸುತ್ತಾರೆ. ಎಂಟು ಇದ್ದರೆ ಎದ್ದು ಮನೆಗೆ ಹೋಗುತ್ತಾರೆ. ಅಣ್ಣ, ನೀನು ಮೊಯಾಲೆ ಪೇಟೆಯಿಂದ ‘ತಾತನಿಗೆ ತಲೆ ಕೆಟ್ಟಿದೆಯಂತೆ, ಹೌದಾ’ ಎಂದು ಕೇಳಿ ಕಳಿಸಿದ್ದೆಯಲ್ಲ, ಅದಕ್ಕೇ ಇಷ್ಟುದ್ದ ಹೇಳುತ್ತಿದ್ದೇನೆ. ತಲೆ ಕೆಟ್ಟಿಲ್ಲ.

ಇಪ್ಪತ್ತಾರು ವರ್ಷ ಅವರು ಈ ಬಾವಿಯ ಸರದಿಯ ಯಜಮಾನರಾಗಿದ್ದರು. ಯಾರ ದನ ಯಾವ ದಿನ, ಯಾರದರ ಹಿಂದೆ ಯಾರದು, ಎಲ್ಲ ಅವರ ಬಾಯಲ್ಲೇ ಇತ್ತು. ಕೈಯಲ್ಲೊಂದು ಕೋಲು. ಅದನ್ನು ಅಡ್ಡ ಹಿಡಿದರೆ ಬಾಯಾರಿದ ಗೂಳಿಯೂ ನಿಲ್ಲುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಎಂಟು ಆಳಿನ ಬಾವಿ ನಮ್ಮದು, ತಳದಿಂದ ತೊಟ್ಟಿಯವರೆಗೆ ಎಂಟು ಮೆಟ್ಟಿಲು, ಮೆಟ್ಟಿಲಿಗೊಬ್ಬರು. ತುಂಬಿದ ಬಕೆಟ್ ಕೈಯಿಂದ ಕೈಗೆ ಮೇಲೇರಬೇಕು, ಖಾಲಿಯಾದದ್ದು ಇಳಿಯಬೇಕು, ಹಾಡಿನ ತಾಳ ತಪ್ಪಬಾರದು. ದನ ಇರುವ ಮನೆ ಒಬ್ಬರನ್ನು ಇಳಿಸಬೇಕು, ಒಬ್ಬರನ್ನೇ. ದನ ಇಲ್ಲದವನಿಗೆ ಬಾವಿಯೊಳಗೆ ಜಾಗವಿಲ್ಲ, ಮಾತೂ ಇಲ್ಲ. ಈ ಕಟ್ಟಳೆ ನಿನಗೂ ಗೊತ್ತು. ನೀನು ಹೋದ ಮೇಲೆ ನಮ್ಮ ಮನೆಯಿಂದ ಏಳನೆಯ ಮೆಟ್ಟಿಲಿಗೆ ನಾನೇ ಇಳಿದೆ.

ಎರಡು ಮಳೆ ಕೈಕೊಟ್ಟವು. ಹದಿನಾಲ್ಕು ಮನೆ ಇದ್ದದ್ದು ಎಂಟಕ್ಕೆ ಬಂದು ನಿಂತಿತು. ತಾತನದು ಲೆಕ್ಕಕ್ಕಿಲ್ಲ. ಯಜಮಾನ ಮೆಟ್ಟಿಲಿಗೆ ಇಳಿಯುವುದಿಲ್ಲ, ಅವರ ಮಂಡಿಯೂ ಸರಿಯಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ಹಲಾಕೆ ಗಂಟು ಹೊತ್ತು ಬಂದ. ತುತ್ತತುದಿಯ ಎಂಟನೆಯ ಮೆಟ್ಟಿಲಿನವನು, ತೊಟ್ಟಿಗೆ ನೀರು ಸುರಿಯುವವನು.

“ಏನೋ ಹಲಾಕೆ, ಗಂಟು ಕಟ್ಕೊಂಡು ಬಂದಿದ್ದೀಯ. ಮದುವೆಗೆ ಹೊರಟ್ಯಾ?” ಎಂದರು ತಾತ.

“ಒಂದು ಆಗಿದ್ದೇ ಸಾಕಾಗಿದೆ ಯಜಮಾನ್ರೆ. ನೆನ್ನೆ ನನ್ನ ಕೊನೆ ಹಸು ಮಲಗ್ತು. ಮೊಯಾಲೆಗೆ ಹೋಗಿ ಮೂಟೆ ಹೊರ್ತೀನಿ. ಮೂರು ಮಕ್ಳು ಇವೆಯಲ್ಲ.”

“ನಾಲ್ಕು ದಿನ ತಡಿ.”

“ನಾಲ್ಕು ದಿನದಲ್ಲಿ ಸತ್ತ ಹಸು ಎದ್ದು ಬರತ್ತಾ?”

“ಮೊದ್ಲು ನೀನು ತಡಿಯೋ.”

ಅಂದು ನಾವು ಏಳೇ ಜನ ಇಳಿದೆವು. ನನ್ನ ಮೆಟ್ಟಿಲಿನಿಂದ ತೊಟ್ಟಿಗೆ ಕೈ ಎಟುಕುವುದಿಲ್ಲ. ನೀರನ್ನು ಎಸೆಯಬೇಕಾಯಿತು, ಅರ್ಧ ನನ್ನ ತಲೆಯ ಮೇಲೇ ಬಿತ್ತು. ಮಧ್ಯಾಹ್ನಕ್ಕೆ ಎಲ್ಲರ ಕೈ ಸೋತವು. ಅರವತ್ತೆರಡು ದನಗಳಲ್ಲಿ ಹತ್ತೊಂಬತ್ತು ಕುಡಿಯದೆ ಹಿಂತಿರುಗಿದವು. ಇನ್ನೆರಡು ಸರದಿ ಹೀಗೇ ಆದರೆ ಬಾವಿಯೂ ಇಲ್ಲ, ದನವೂ ಇಲ್ಲ, ನಾವೂ ಇಲ್ಲ.

ಮಾರನೆಯ ದಿನ ಮರದ ಕೆಳಗೆ ಕುಲದವರು ಕೂತರು. ಎಲ್ಲ ಕಳೆದುಕೊಂಡವನಿಗೆ ಕುಲದವರು ಹಸು ಕೊಟ್ಟು ಎಬ್ಬಿಸಬೇಕು, ಅದು ಹಿಂದಿನಿಂದ ಬಂದದ್ದು. ತಾತ ಮೂರು ಸಲ ಕೇಳಿದರು. ಮೂರು ಸಲವೂ ಎಲ್ಲರೂ ತಮ್ಮ ತಮ್ಮ ಕೋಲಿನ ತುದಿ ನೋಡಿಕೊಂಡರು.

“ನಮ್ಮವು ನಿಂತಿವೆ ಅಂತ ಕಾಣತ್ತೆ ಅಷ್ಟೆ, ಗಾಳಿ ಬೀಸಿದ್ರೆ ಬೀಳ್ತವೆ. ಯಾವ್ದು ಕೊಡ್ಲಿ ನೀವೇ ಹೇಳಿ,” ಎಂದ ಕೊನೆಗೆ ದೂಬಾ. ಅವನೇ ನಮ್ಮಲ್ಲಿ ಹೆಚ್ಚು ದನ ಇದ್ದವನು.

“ಹೌದಪ್ಪ, ಎಲ್ಲಾರ್ದೂ ಹಂಗೇ ಇದೆ,” ಎಂದರು ತಾತ. “ಸರಿ. ಕೇಳೋನು ಮೊದ್ಲು ಕೊಡಬೇಕು.”

ತಾತನ ಹತ್ತಿರ ಉಳಿದಿದ್ದದ್ದು ಎರಡೇ ಹಸು. ಕಪ್ಪು ಗುರ್ರಾತಿ, ಕೆಂಪು ಡಿಂತು. ಗುರ್ರಾತಿಯ ಕರು ಸತ್ತಿತ್ತು. ಅವರ ಹೆಂಡತಿ ಗುಮಾತೊ ಅಜ್ಜಿ ಆ ಕರುವಿನ ಚರ್ಮ ಒಣಗಿಸಿ ಇಟ್ಟುಕೊಂಡು, ದಿನಾ ಅದನ್ನು ಹಸುವಿಗೆ ನೆಕ್ಕಿಸಿ ಒಂದು ಲೋಟ ಹಾಲು ಕರೆಯುತ್ತಿದ್ದಳು. ಅಜ್ಜಿಗೆ ಹಲ್ಲಿಲ್ಲ, ಎದೆಯಲ್ಲಿ ಕೆಮ್ಮು. ಬರಕ್ಕೆಂದು ಹಂಚುವ ಜೋಳ ಅವಳಿಗೆ ಇಳಿಯುತ್ತಿರಲಿಲ್ಲ. ಆ ಲೋಟದ ಮೇಲೇ ಅವಳ ಜೀವ ನಿಂತಿತ್ತು.

“ಡಿಂತುನ ಕೊಡು,” ಎಂದಳು ಅಜ್ಜಿ, ತಾತ ಮನೆಗೆ ಬಂದು ವಿಷಯ ಹೇಳಿದಾಗ.

“ಅದು ಸಾಯೋ ಹಸು ಕಣೆ. ಕುಲದವನಿಗೆ ಸಾಯೋದನ್ನ ಕೊಟ್ರೆ ಚರ್ಮ ಕೊಟ್ಟ ಹಾಗೆ. ನಾಚಿಕೆ ಆಗಲ್ವಾ?”

“ಮತ್ತೆ ನಾನೇನು ಗೂಟನಾ, ಹಾಲಿಲ್ದೆ ಬದುಕೋಕೆ?”

ತಾತ ಆಕಾಶ ನೋಡಿದರು. “ಡಿಂತುನೂ ಉಳ್ಕೊಳತ್ತೆ. ಮೋಡ ನೋಡು. ಹತ್ತು ದಿನ.”

“ನಿನ್ನ ಮೋಡಾನ ನಲವತ್ತು ವರ್ಷದಿಂದ ನೋಡ್ತಾ ಇದ್ದೀನಿ. ನೀನು ಕಟ್ಕೊಂಡಿದ್ದು ಬಾವೀನ. ನಾನು ಬಕೆಟ್ ಥರ ಜೊತೆಗೆ ಬಂದೆ.”

ಹೀಗೆಂದವಳೇ ಎದ್ದು ಒಳಗೆ ಹೋಗಿ, ಕರುವಿನ ಚರ್ಮ ಮಡಿಸಿ ತಂದು, ಹೊರಗೆ ನಿಂತಿದ್ದ ಹಲಾಕೆಯ ಕೈಗಿಟ್ಟಳು.

“ಇದಿಲ್ದೆ ಅವಳು ಹಾಲು ಬಿಡಲ್ಲ. ಮೊದ್ಲು ಮೂಗಿನ ಹತ್ರ ಹಿಡಿ, ಆಮೇಲೆ ಬೆನ್ನು ತಟ್ಟು. ಬೈಬೇಡ ಮಗಾ, ಬೈದ್ರೆ ಹಾಲು ಎಳ್ಕೊಂಬಿಡ್ತಾಳೆ.”

ಹಲಾಕೆ ಗಂಟು ಬಿಚ್ಚಿದ. ಮುಂದಿನ ಸರದಿಗೆ ಎಂಟು ಜನ ಇಳಿದೆವು, ಎಲ್ಲ ದನಗಳೂ ಕುಡಿದವು. ಮೋಡ ಹಾಗೇ ಸೋಮಾಲಿ ನಾಡಿನ ಕಡೆಗೆ ಹೋಯಿತು. ಒಂಬತ್ತನೆಯ ದಿನ ಡಿಂತು ಮಲಗಿತು. ಬಾಲ ಹಿಡಿದು ಎತ್ತಿದರೂ ಏಳಲಿಲ್ಲ.

ಮುಂದಿನ ಸರದಿಯಂದು ತಾತ ಬಾವಿಗೆ ಬಂದು, ದೂಬಾನ ಕೈಗೆ ಕೋಲು ಕೊಟ್ಟು, ಬೇಲಿಯಿಂದ ಆಚೆ ನಡೆದರು. ಎಲ್ಲರೂ ಹಿಂದೆಯೇ ಓಡಿದೆವು.

“ಎಲ್ಲಿಗೆ ಹೋಗ್ತೀರಾ ಯಜಮಾನ್ರೆ? ನಿಮ್ಗೆ ಹೋಗಿ ಅಂತ ಯಾರಂದ್ರು?” ಎಂದ ದೂಬಾ.

“ನಂಗೆ ಹಸು ಇದೆಯಾ?”

“ನಿಮ್ಮ ಮಾತು ಬೇರೆ.”

“ಮೂರು ವರ್ಷದ ಹಿಂದೆ ಲಿಬಾನನ ಕೊನೆ ಹಸು ಸತ್ತಾಗ ಅವನು ಇಲ್ಲೇ ನಿಂತ್ಕೊಂಡು ಅಳ್ತಿದ್ದ. ನಾನೇ ಕೋಲು ಅಡ್ಡ ಹಿಡಿದು ಆಚೆ ಕಳಿಸ್ದೆ. ಅವತ್ತು ಎಲ್ಲಾರ ಹತ್ರಾನೂ ಹಸು ಇತ್ತು, ಅವನಿಗೊಂದು ಕೊಡಿ ಅಂತ ನಾನು ಕೇಳ್ಲೂ ಇಲ್ಲ. ಅವನು ಎಲ್ಲಿದ್ದಾನೋ ಈಗ. ಕಟ್ಟಳೆ ಅವನಿಗೊಂದು, ನಂಗೊಂದಾ?”

ದೂಬಾ ಕೋಲು ಹಿಡಿದು ಹಿಂತಿರುಗಿದ, ಅವನ ಮೆಟ್ಟಿಲಿಗೆ ಅವನ ಮಗ ಇಳಿದ.

ಹಲಾಕೆ ದಿನಾ ಅರ್ಧ ಲೋಟ ಹಾಲು ಅಜ್ಜಿಗೆ ಕಳಿಸುತ್ತಿದ್ದ. ಅವಳು ದಿನಾ ವಾಪಸು ಕಳಿಸುತ್ತಿದ್ದಳು. ನಾನೇ ಒಂದು ಸಲ ಜಗಳಕ್ಕೆ ನಿಂತೆ.

“ಕುಡಿ ಅಜ್ಜಿ, ಯಾರು ನೋಡ್ತಾರೆ.”

“ಗುರ್ರಾತಿಗೆ ಗೊತ್ತಾಗತ್ತೆ,” ಎಂದು ನಕ್ಕಳು. ನಗುತ್ತಲೇ ಕೆಮ್ಮು ಹತ್ತಿತು. “ಅಲ್ಲಿ ಮೂರು ಬಾಯಿ ಇವೆ ಕಣೆ. ಕೊಟ್ಟಿದ್ದನ್ನ ಅರ್ಧ ವಾಪಸ್ ತಗೊಂಡ್ರೆ ಅದೆಂಥ ಕೊಡೋದು.”

ಹಾಲಿಲ್ಲದ ಚಹಾ ಕುಡಿದುಕೊಂಡು ಹದಿನೇಳು ದಿನ ಇದ್ದಳು. ಅವಳ ಗೋರಿಯ ಮೇಲೆ ಕಲ್ಲು ಪೇರಿಸುವಾಗ ತಾತ ಒಂದೇ ಮಾತು ಹೇಳಿದರು. “ಬಕೆಟ್ ಅಂದಳು. ಅಲ್ಲ ಅಂತ ನಾನು ಹೇಳ್ಲೇ ಇಲ್ಲ.”

ಆಮೇಲೆ ಶುರುವಾದದ್ದು ಈ ಬೇಲಿಯ ಹೊರಗೆ ಕೂತು ಎಣಿಸುವುದು.

ಹೋದ ಸರದಿಯಂದು ದನಿ ಏಳೇ ಇದ್ದವು. ತಾತ ಬೇಲಿಯ ಬಾಯಿಗೆ ಬಂದು ನಿಂತರು. ಒಳಗೆ ಕಾಲಿಡಲಿಲ್ಲ.

“ಯಾರಿಲ್ಲ?”

“ಹಲಾಕೆ,” ಎಂದ ದೂಬಾ. “ಹೆಂಡ್ತಿಗೆ ಜ್ವರ ಅಂತ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾನೆ. ತನ್ನ ಹಸುವಿನ ಪರವಾಗಿ ನೀವು ನಿಲ್ಲಬೇಕು ಅಂತ ಹೇಳಿ ಕಳಿಸಿದ್ದಾನೆ. ನಿಮ್ಗೆ ಹೇಳೋಕೆ ನಮ್ಗೆ ಬಾಯಿ ಬರ್ಲಿಲ್ಲ.”

“ಹಸು ಇರೋನು ಆಳು ಕಳಿಸಬಹುದು. ಅದು ಕಟ್ಟಳೇಲಿದೆ,” ಎಂದರು ತಾತ. ಚಪ್ಪಲಿ ಬಿಟ್ಟು, ನನ್ನ ತಲೆಯ ಮೇಲಿನ ಮೆಟ್ಟಿಲಿಗೆ ಒಂದೊಂದೇ ಕಾಲು ಇಳಿಸಿಕೊಂಡು ಇಳಿದರು. ನಾವು ಹಾಡಿದೆವು. ನಮ್ಮ ಹಾಡಿನಲ್ಲಿ ಪ್ರತಿ ಮೆಟ್ಟಿಲಿನವರೂ ತಮ್ಮ ಹಸುವಿನ ಹೆಸರು ಕರೆಯಬೇಕು. ಎಂಟನೆಯ ಜಾಗ ಬಂದಾಗಲೆಲ್ಲ ಬರೀ ನೀರು ಸುರಿಯುವ ಸದ್ದು.

ಹಲಾಕೆಯ ಸರದಿ ಬಂತು, ಒಂದೇ ಹಸು. ಗುರ್ರಾತಿ ತೊಟ್ಟಿಗೆ ಬಾಯಿ ಇಟ್ಟವಳು ತಲೆ ಎತ್ತಿದಳು. ಕುಡಿಯುವುದು ಬಿಟ್ಟು ಕತ್ತು ಚಾಚಿ ತಾತನ ಭುಜ ಮೂಸಿದಳು, ಆಮೇಲೆ ನೆಕ್ಕತೊಡಗಿದಳು, ಆ ಕರುವಿನ ಚರ್ಮ ನೆಕ್ಕುತ್ತಿದ್ದ ಹಾಗೆಯೇ. ಹಾಡು ನಿಂತಿತು. ತಾತನ ಮುಖ ನನಗೆ ಕಾಣುತ್ತಿರಲಿಲ್ಲ.

“ಕುಡಿ ತಾಯಿ,” ಎಂದರು ಮೆಲ್ಲಗೆ. “ಹಿಂದೆ ಇನ್ನೂ ಇದ್ದಾವೆ. ಸರದಿ ಹಾಳಾಗತ್ತೆ.”

ಮುಂದಿನ ಬಕೆಟ್ಟಿಗೆ ಕೈ ಕೆಳಗೆ ಚಾಚಿದರು. ನಾನು ಕೊಟ್ಟೆ.